ಎವರೆಸ್ಟ್ 1996: ಆ ದುರಂತವನ್ನು ಮಕ್ಕಳಿಗೆ ಪಾಠ ಮಾಡುವಾಗ

1996ರ ಮೇ 10 ಮತ್ತು 11ರಂದು ಎವರೆಸ್ಟ್‌ನಲ್ಲಿ ಎಂಟು ಜನ ಸತ್ತರು. ಐವರು ನೇಪಾಳದ ಕಡೆಯಿಂದ ಹತ್ತಿದವರು. ಇನ್ನು ಮೂವರು ಟಿಬೆಟ್ ಕಡೆಯಿಂದ ಹತ್ತಿದ ಭಾರತದವರು. ಈ ಘಟನೆಯನ್ನು ಹೇಳಿ ಮುಗಿಸುವ ಮೊದಲೇ ನಮ್ಮ ಮಂಡ್ಯದ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಮಿಸ್, ಹಂಗಾದ್ರೆ ತಪ್ಪು ಯಾರ್ದು?”

ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ನಾವು ಅಲ್ಲೇ ಉತ್ತರ ಕೊಟ್ಟುಬಿಟ್ಟರೆ ಪಾಠ ಅಲ್ಲಿಗೇ ಮುಗಿಯಿತು. ‘ದುರಾಸೆ’ ಅಂದರೆ ದುರಾಸೆ ಅಂತ ಬರೆದುಕೊಳ್ಳುತ್ತಾರೆ, ‘ಪ್ರಕೃತಿ ಮುಂದೆ ಮನುಷ್ಯ ಸಣ್ಣವನು’ ಅಂದರೆ ಅದನ್ನೂ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅದನ್ನೇ ಒಪ್ಪಿಸುತ್ತಾರೆ. ಸತ್ತವರಲ್ಲಿ ಇಬ್ಬರು, ರಾಬ್ ಹಾಲ್ ಮತ್ತು ಸ್ಕಾಟ್ ಫಿಷರ್, ಜಗತ್ತಿನಲ್ಲೇ ಹೆಸರು ಮಾಡಿದ ಮಾರ್ಗದರ್ಶಕರು. ಅಂಥವರು ಯಾಕೆ ಸತ್ತರು ಅನ್ನೋದು ಈ ಎರಡು ಮಾತಿನಿಂದ ಯಾರಿಗೂ ಅರ್ಥವಾಗುವುದಿಲ್ಲ.

ಹಾಗಾಗಿ ಹೈಸ್ಕೂಲು, ಪಿಯುಸಿಯಲ್ಲಿ ಈ ಕಥನವನ್ನು ಪಾಠ ಮಾಡುವವರಿಗೆ ನಾನು ಹೇಳುವುದು ಇಷ್ಟು. ತಪ್ಪು ಯಾರದು ಅನ್ನುವ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ಅದರ ಕೆಳಗೆ ಇನ್ನೊಂದು ಪ್ರಶ್ನೆ ಬರೆಯಿರಿ: ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ಆ ಮನುಷ್ಯನಿಗೆ ಏನು ಗೊತ್ತಿತ್ತು? ಪಾಠದುದ್ದಕ್ಕೂ ಎರಡನೆಯದನ್ನೇ ಕೇಳುತ್ತಾ ಹೋಗಿ. ಮೊದಲನೆಯದಕ್ಕೆ ಮಕ್ಕಳೇ ಉತ್ತರ ಹುಡುಕಿಕೊಳ್ಳುತ್ತಾರೆ, ಮತ್ತು ಅದು ನಾವು ಹೇಳಿಕೊಡುವ ಉತ್ತರಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಮೊದಲು ಗಾಳಿಯ ವಿಷಯ. ಇದನ್ನು ಬಿಟ್ಟು ಕಥೆಗೆ ಹೋದರೆ ಮುಂದಿನದ್ದೆಲ್ಲ ಸುಳ್ಳು ಕಥೆಯಂತೆ ಕೇಳುತ್ತದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟದ ತುದಿ ಸುಮಾರು 1060 ಮೀಟರ್. ಸಾವಿರ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿರುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಹೇಳಿ, ಆ ಏದುಸಿರಿಗೆ ಕಾರಣ ಕಾಲಿನ ದಣಿವು, ಗಾಳಿ ಅಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್. ನೇಪಾಳದ ಕಡೆಯ ಬೇಸ್ ಕ್ಯಾಂಪ್, ಅಂದರೆ ಎವರೆಸ್ಟ್ ಹತ್ತುವವರು ಬುಡದಲ್ಲಿ ಡೇರೆ ಹಾಕುವ ಜಾಗ, ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ: ಸುಮಾರು 5360 ಮೀಟರ್. ತುದಿ 8848 ಮೀಟರ್.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಅಂತ ಬಹಳ ಮಕ್ಕಳು, ಕೆಲವು ಟೀಚರ್‌ಗಳೂ ಅಂದುಕೊಂಡಿರುತ್ತಾರೆ. ಪಾಲು ಅಷ್ಟೇ ಇರುತ್ತದೆ, ಮಂಡ್ಯದಲ್ಲೂ 21 ಶೇಕಡ, ಎವರೆಸ್ಟ್ ತುದಿಯಲ್ಲೂ 21 ಶೇಕಡ. ಕಡಿಮೆಯಾಗುವುದು ಒತ್ತಡ. ಮದುವೆ ಮನೆಯಲ್ಲಿ ಹಾಸಿಗೆಗಳನ್ನು ಒಂದರ ಮೇಲೊಂದು ಒಟ್ಟಿದಾಗ ಅಡಿಯಲ್ಲಿರುವುದು ಒತ್ತಿಕೊಂಡು ಚಪ್ಪಟೆಯಾಗಿರುತ್ತದೆ, ಮೇಲಿನದು ಉಬ್ಬಿಕೊಂಡೇ ಇರುತ್ತದೆ, ಅಲ್ವಾ? ಗಾಳಿಯೂ ಹಾಗೇ. ಕೆಳಗೆ ಒತ್ತಾಗಿ ತುಂಬಿಕೊಂಡಿರುತ್ತದೆ, ಮೇಲೆ ಸಡಿಲವಾಗಿ ಹರಡಿಕೊಂಡಿರುತ್ತದೆ. ಬೇಸ್ ಕ್ಯಾಂಪಿನಲ್ಲಿ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ತುದಿಯಲ್ಲಿ ಮೂರನೇ ಒಂದು ಭಾಗ. ಅಲ್ಲಿ ನೀರು ಸುಮಾರು 70 ಡಿಗ್ರಿಗೇ ಕುದಿಯುತ್ತದೆ, ಬೇಳೆ ಇಟ್ಟರೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಒಂದು ಉಸಿರಿನಲ್ಲಿ ನಮಗೆ ಇಲ್ಲಿ ಸಿಗುವ ಆಮ್ಲಜನಕ ಅಲ್ಲಿ ಸಿಗಬೇಕಾದರೆ ಮೂರು ಉಸಿರು ಬೇಕು. ಮಂಡ್ಯದಿಂದ ಒಬ್ಬರನ್ನು ಎತ್ತಿಕೊಂಡು ಹೋಗಿ ಏಕಾಏಕಿ ಅಲ್ಲಿ ಇಳಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅದಕ್ಕೇ ಹತ್ತುವವರು ವಾರಗಟ್ಟಲೆ ಹತ್ತಿ ಇಳಿದು, ಹತ್ತಿ ಇಳಿದು ಮೈಯನ್ನು ಒಗ್ಗಿಸಿಕೊಳ್ಳುತ್ತಾರೆ. ಆದರೆ 8000 ಮೀಟರ್ ದಾಟಿದ ಮೇಲೆ ಎಂಥ ಮೈಯೂ ಒಗ್ಗುವುದಿಲ್ಲ, ಗಂಟೆಗಂಟೆಗೂ ಸೊರಗುತ್ತದೆ. ಅದನ್ನು ಸಾವಿನ ವಲಯ ಅಂತಲೇ ಕರೆಯುತ್ತಾರೆ.

ಇಲ್ಲಿ ಮಕ್ಕಳಿಗೆ ಒತ್ತಿ ಹೇಳಬೇಕಾದ ಮಾತು ಒಂದಿದೆ. ಆಮ್ಲಜನಕ ಕಡಿಮೆಯಾದರೆ ಮೊದಲು ಕೈಕೊಡುವುದು ಕಾಲಲ್ಲ, ಬುದ್ಧಿ. ಅದೂ ಕೈಕೊಟ್ಟಿದೆ ಅಂತ ಆ ಮನುಷ್ಯನಿಗೇ ತಿಳಿಯುವುದಿಲ್ಲ.

ಇದಕ್ಕೆ ಆ ದಿನದ್ದೇ ಉದಾಹರಣೆ ಇದೆ. ನ್ಯೂಜಿಲೆಂಡಿನ ರಾಬ್ ಹಾಲ್ ಎಂಬ ಅನುಭವಿ ಮಾರ್ಗದರ್ಶಕ ಒಂದು ತಂಡವನ್ನು ಕರೆದುಕೊಂಡು ಹೋಗಿದ್ದ. ಅವನ ಕೈಕೆಳಗೆ ಆ್ಯಂಡಿ ಹ್ಯಾರಿಸ್ ಎಂಬ ಇನ್ನೊಬ್ಬ ಮಾರ್ಗದರ್ಶಕ ಇದ್ದ. ತುದಿಗಿಂತ ಸುಮಾರು ನೂರು ಮೀಟರ್ ಕೆಳಗೆ ದಕ್ಷಿಣ ಶಿಖರ ಅಂತ ಒಂದು ಜಾಗ. ಇಳಿಯುವಾಗ ಬೇಕಾಗುವ ಆಮ್ಲಜನಕದ ಸಿಲಿಂಡರ್‌ಗಳನ್ನು ಅಲ್ಲಿ ಇಟ್ಟಿದ್ದರು. ಹ್ಯಾರಿಸ್ ಅವುಗಳ ಪಕ್ಕದಲ್ಲೇ ನಿಂತು, ಇಲ್ಲಿರುವ ಸಿಲಿಂಡರ್ ಎಲ್ಲ ಖಾಲಿ ಅಂತ ರೇಡಿಯೋದಲ್ಲಿ ಹೇಳುತ್ತಾ ಹೋದ. ಮೇಲೆ ರಾಬ್ ಹಾಲ್ ಆಮ್ಲಜನಕ ಬೇಕು ಅಂತ ಕಾಯುತ್ತಿದ್ದಾನೆ, ಜೊತೆಗೆ ನಿಲ್ಲಲೂ ಆಗದ ಒಬ್ಬ ಗ್ರಾಹಕ, ಅಂದರೆ ಶುಲ್ಕ ಕೊಟ್ಟು ತಂಡಕ್ಕೆ ಸೇರಿದವನು, ಇದ್ದಾನೆ. ಕೆಳಗಿನಿಂದ ಇನ್ನೊಬ್ಬ ಮಾರ್ಗದರ್ಶಕ, ಇಲ್ಲ, ಅಲ್ಲಿ ತುಂಬಿದ ಸಿಲಿಂಡರ್ ಇವೆ ಅಂತ ರೇಡಿಯೋದಲ್ಲೇ ಹೇಳಿದ. ನಿಜವಾಗಿಯೂ ಅಲ್ಲಿ ತುಂಬಿದ ಸಿಲಿಂಡರ್‌ಗಳಿದ್ದವು. ಹ್ಯಾರಿಸ್ ಕೊನೆಗೆ ಅದನ್ನು ನಂಬಿ, ಅವರಿಗೆ ನೆರವಾಗಲು ಮತ್ತೆ ಮೇಲಕ್ಕೆ ಹೊರಟ. ವಾಪಸ್ ಬರಲಿಲ್ಲ.

ಇದನ್ನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚೂ ಸುಮ್ಮನಾಗುತ್ತದೆ. ಅವನು ದಡ್ಡನಾಗಿರಲಿಲ್ಲ, ಸೋಮಾರಿಯೂ ಅಲ್ಲ. ಕಣ್ಣ ಮುಂದೆ ಇದ್ದದ್ದು ಅವನ ತಲೆಗೆ ಹೋಗುತ್ತಿರಲಿಲ್ಲ.

ಎರಡನೆಯದು ಗಡಿಯಾರ. ಗಣಿತದ ಟೀಚರ್ ಒಪ್ಪಿದರೆ ಅವರ ಒಂದು ಪೀರಿಯಡ್ಡನ್ನೂ ತೆಗೆದುಕೊಳ್ಳಿ, ಏಕೆಂದರೆ ಈ ದುರಂತದ ನಡುಗಂಬ ಒಂದು ಸುಲಭದ ಗುಣಾಕಾರ. ಕೊನೆಯ ಕ್ಯಾಂಪ್ ಇದ್ದದ್ದು ಸೌತ್ ಕೋಲ್ ಎಂಬ ಕಣಿವೆಯಲ್ಲಿ, ಸುಮಾರು 7900 ಮೀಟರ್‌ನಲ್ಲಿ. ಅಲ್ಲಿಂದ ಮೇ 9ರ ಮಧ್ಯರಾತ್ರಿ ಸುಮಾರಿಗೆ ಹೊರಟರು. ಒಬ್ಬೊಬ್ಬ ಗ್ರಾಹಕನಿಗೆ ಮೂರು ಸಿಲಿಂಡರ್, ಎರಡು ಬೆನ್ನ ಮೇಲೆ, ಒಂದು ದಕ್ಷಿಣ ಶಿಖರದಲ್ಲಿ. ಒಂದು ಸಿಲಿಂಡರ್ ಬರುವುದು 5ರಿಂದ 6 ಗಂಟೆ. ಮೂರಕ್ಕೆ ಎಷ್ಟಾಯಿತು? ಹಾಗಾದರೆ ಯಾವಾಗ ಮುಗಿಯುತ್ತದೆ? ಮಕ್ಕಳೇ ಲೆಕ್ಕ ಹಾಕಲಿ. ಮಧ್ಯಾಹ್ನ ಮೂರರಿಂದ ಸಂಜೆ ಆರರ ನಡುವೆ ಬಂದು ನಿಲ್ಲುತ್ತದೆ. ತುದಿಯಿಂದ ಕ್ಯಾಂಪಿಗೆ ಇಳಿಯಲು ಗಂಟೆಗಟ್ಟಲೆ ಬೇಕು. ಅಂದರೆ ಮಧ್ಯಾಹ್ನ ಒಂದಕ್ಕೆ, ತಡವಾದರೆ ಎರಡಕ್ಕೆ, ಎಲ್ಲಿದ್ದರೂ ಸರಿ, ತುದಿ ಕೈಗೆಟುಕುವಷ್ಟು ಹತ್ತಿರ ಇದ್ದರೂ ಸರಿ, ತಿರುಗಿ ಇಳಿಯಲೇಬೇಕು. ವಾಪಸಾತಿಯ ಸಮಯ ಅನ್ನುವುದು ಹುಟ್ಟಿದ್ದು ಈ ಲೆಕ್ಕದಿಂದ, ಮಾರ್ಗದರ್ಶಕನ ಶಿಸ್ತಿನ ಗೀಳಿನಿಂದ ಅಲ್ಲ. ಇದು ಅರ್ಥವಾದ ಮಗುವಿಗೆ ಮುಂದಿನ ಒಂದೊಂದು ನಿಮಿಷವೂ ಭಾರವಾಗಿ ಕೇಳುತ್ತದೆ.

ಈಗ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಸಮಯ ಗುರುತಿಸಿ. ಆ ದಿನ ಮೂವತ್ತಕ್ಕೂ ಜಾಸ್ತಿ ಜನ ಒಂದೇ ದಾರಿಯಲ್ಲಿ ಹತ್ತುತ್ತಿದ್ದರು. ರಾಬ್ ಹಾಲ್ ತಂಡ, ಅಮೆರಿಕದ ಸ್ಕಾಟ್ ಫಿಷರ್ ತಂಡ, ತೈವಾನಿನವರು. ಮುಂದೆ ಹೋಗಿ ಹಗ್ಗ ಕಟ್ಟಬೇಕಿತ್ತು, ಕಟ್ಟಿರಲಿಲ್ಲ. ಯಾಕೆ ಕಟ್ಟಿರಲಿಲ್ಲ ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಹಗ್ಗಕ್ಕಾಗಿ ಕಾಯುತ್ತಾ ಒಂದು ಕಡೆ ತಡವಾಯಿತು, ಮುಂದೆ ಇನ್ನೊಂದು ಕಡೆ ತಡವಾಯಿತು. ತುದಿಗೆ ಮೊದಲು ಆಗ ಸಿಗುತ್ತಿದ್ದ ಹಿಲರಿ ಸ್ಟೆಪ್ ಎಂಬ ಕಡಿದಾದ ಬಂಡೆಯಲ್ಲಿ ಒಂದು ಸಲಕ್ಕೆ ಒಬ್ಬರೇ ಹೋಗಬೇಕಿತ್ತು. ಅಲ್ಲಿ ಸಾಲು ನಿಂತಿತು.

ಬೆಳಗ್ಗೆ ಹನ್ನೊಂದೂವರೆ ಸುಮಾರಿಗೆ ಹಾಲ್ ತಂಡದ ಮೂವರು ಗ್ರಾಹಕರು ಆ ಜನಸಂದಣಿಯ ಹಿಂದೆ ನಿಂತಿದ್ದರು. ಸ್ಟುವರ್ಟ್ ಹಚಿಸನ್, ಜಾನ್ ಟಾಸ್ಕೆ, ಲೂ ಕಸಿಶ್ಕೆ. ತುದಿಗೆ ಇನ್ನೂ ಎಷ್ಟು ಹೊತ್ತು ಅಂತ ಹಾಲ್‌ನನ್ನು ಕೇಳಿದರು. ಸುಮಾರು ಮೂರು ಗಂಟೆ ಅಂದ. ಹನ್ನೊಂದೂವರೆಗೆ ಮೂರು ಕೂಡಿಸಿದರು. ತಿರುಗಿ ಇಳಿದರು. ಒಬ್ಬೊಬ್ಬರೂ ಸುಮಾರು 65,000 ಡಾಲರ್ ಶುಲ್ಕದ ತಂಡದಲ್ಲಿ ಬಂದವರು, ವರ್ಷಗಟ್ಟಲೆ ತಯಾರಿ ಮಾಡಿಕೊಂಡವರು. ಮೂವರೂ ಬದುಕಿದರು.

ಸುದ್ದಿಯಲ್ಲಿ ಈ ಮೂವರ ಹೆಸರು ಬರುವುದೇ ಅಪರೂಪ. ತುದಿ ಮುಟ್ಟಿದವರ ಪಟ್ಟಿ ಇರುತ್ತದೆ, ಸತ್ತವರ ಪಟ್ಟಿ ಇರುತ್ತದೆ. ಲೆಕ್ಕ ಹಾಕಿ ವಾಪಸ್ ಬಂದವರ ಪಟ್ಟಿ ಇರುವುದಿಲ್ಲ. ತರಗತಿಯಲ್ಲಾದರೂ ಇವರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ.

ಅದೇ ಗೆರೆಯ ಮೇಲೆ ಮುಂದೆ ಹೋಗಿ. ಮಧ್ಯಾಹ್ನ ಒಂದರ ಸುಮಾರಿಗೆ ಮೊದಲ ಕೆಲವರು ತುದಿ ಮುಟ್ಟಿದರು. ರಾಬ್ ಹಾಲ್ ಎರಡು ದಾಟಿದ ಮೇಲೆ ಮುಟ್ಟಿದ. ಸ್ಕಾಟ್ ಫಿಷರ್ ಮುಟ್ಟಿದಾಗ ಮೂರೂಮುಕ್ಕಾಲು ಆಗಿತ್ತು. ಡಗ್ ಹ್ಯಾನ್ಸೆನ್ ಮುಟ್ಟಿದ್ದು ನಾಲ್ಕರ ನಂತರ.

ಈ ಡಗ್ ಹ್ಯಾನ್ಸೆನ್ ಕಥೆಯನ್ನು ಅವಸರ ಮಾಡದೆ ಹೇಳಿ. ಅವನು ಅಮೆರಿಕದ ಅಂಚೆ ಇಲಾಖೆಯ ನೌಕರ. ಸಾಹುಕಾರನಲ್ಲ. ಹಿಂದಿನ ವರ್ಷ, 1995ರಲ್ಲಿ, ಇದೇ ರಾಬ್ ಹಾಲ್ ಜೊತೆ ಬಂದಿದ್ದ. ತುದಿಗೆ ಹತ್ತಿರ ಹೋಗಿದ್ದಾಗ ಹೊತ್ತಾಯಿತು ಅಂತ ಹಾಲ್ ಅವನನ್ನು ತಿರುಗಿಸಿ ಕರೆದುಕೊಂಡು ಬಂದಿದ್ದ. ಆ ವರ್ಷ ಹಾಲ್‌ನ ಒಬ್ಬ ಗ್ರಾಹಕನೂ ತುದಿ ಮುಟ್ಟಲಿಲ್ಲ. ಆಮೇಲೆ ಹಾಲ್ ತಾನೇ ಫೋನ್ ಮಾಡಿ ಮಾಡಿ, ಇನ್ನೊಂದು ಸಲ ಬಾ ಅಂತ ಹ್ಯಾನ್ಸೆನ್‌ನನ್ನು ಒಪ್ಪಿಸಿದ್ದ. 1996ರ ಆ ರಾತ್ರಿ ಹ್ಯಾನ್ಸೆನ್‌ಗೆ ಮೈ ಸರಿಯಿರಲಿಲ್ಲ. ಒಂದು ಹಂತದಲ್ಲಿ ಸಾಲಿನಿಂದ ಪಕ್ಕಕ್ಕೆ ಸರಿದು ನಿಂತ, ಇಳಿದುಬಿಡುತ್ತೇನೆ ಅಂದ. ಹಾಲ್ ಹಿಂದಿನಿಂದ ಬಂದ, ಇಬ್ಬರೂ ಏನೋ ಮಾತಾಡಿಕೊಂಡರು, ಹ್ಯಾನ್ಸೆನ್ ಮತ್ತೆ ಸಾಲಿಗೆ ಸೇರಿಕೊಂಡ. ಏನು ಮಾತಾಡಿಕೊಂಡರು ಅನ್ನೋದು ಯಾರಿಗೂ ಗೊತ್ತಿಲ್ಲ. ಇಬ್ಬರೂ ಉಳಿಯಲಿಲ್ಲ.

ಮಧ್ಯಾಹ್ನ ಎರಡಕ್ಕೆ ತಿರುಗಿಸಬೇಕಾದ ಮನುಷ್ಯನಿಗೆ ಹಾಲ್ ನಾಲ್ಕರವರೆಗೆ ತುದಿಯಲ್ಲಿ ಕಾದ. ಕಾದಿದ್ದು ಯಾಕೆ? ವ್ಯಾಪಾರ ಅನ್ನುತ್ತಾನೆ ಒಬ್ಬ ಹುಡುಗ. ಮಾತು ಕೊಟ್ಟಿದ್ದ ಅಲ್ವಾ ಮಿಸ್ ಅನ್ನುತ್ತಾಳೆ ಒಬ್ಬಳು. ಎರಡನ್ನೂ ಬರೆದುಕೊಳ್ಳಿ. ಒಂದು ತಂಡ ಎಷ್ಟು ಜನರನ್ನು ತುದಿ ಮುಟ್ಟಿಸಿತು ಅನ್ನುವುದರ ಮೇಲೆ ಮುಂದಿನ ವರ್ಷದ ಗ್ರಾಹಕರು ಬರುತ್ತಿದ್ದರು, ಅದು ನಿಜ. ಆ ಸಲ ತಂಡದಲ್ಲಿ ಪತ್ರಕರ್ತನೊಬ್ಬ ಬೇರೆ ಇದ್ದ. ಆದರೆ ಹಿಲರಿ ಸ್ಟೆಪ್ ಬಂಡೆಯ ಮೇಲೆ ಹ್ಯಾನ್ಸೆನ್ ಕುಸಿದ ಮೇಲೆ, ಅವನನ್ನು ಬಿಟ್ಟು ನೀನು ಇಳಿದು ಬಾ ಅಂತ ಕೆಳಗಿನಿಂದ ರೇಡಿಯೋದಲ್ಲಿ ಗೋಗರೆದರೂ ಹಾಲ್ ಬಿಟ್ಟು ಬರಲಿಲ್ಲ ಅನ್ನೋದೂ ನಿಜ. ದುಡ್ಡಿಗಾಗಿ ಹೋದವನು ಆಗ ಇಳಿದು ಬಂದುಬಿಡುತ್ತಿದ್ದ. ಹಾಲ್ ಆ ರಾತ್ರಿಯನ್ನೆಲ್ಲ ಮೇಲೆಯೇ ಕಳೆದ. ಮರುದಿನ ಸಂಜೆ ಬೇಸ್ ಕ್ಯಾಂಪಿನವರು ರೇಡಿಯೋಗೆ ಸ್ಯಾಟಲೈಟ್ ಫೋನ್ ಜೋಡಿಸಿ ನ್ಯೂಜಿಲೆಂಡಿನಲ್ಲಿದ್ದ, ತುಂಬು ಗರ್ಭಿಣಿಯಾಗಿದ್ದ ಹೆಂಡತಿಯ ಜೊತೆ ಮಾತಾಡಿಸಿದರು. ಆಕೆಯೂ 1993ರಲ್ಲಿ ಅವನ ಜೊತೆ ಎವರೆಸ್ಟ್ ಹತ್ತಿದವಳು. ಗಂಡ ಇರುವ ಜಾಗ ಎಂಥದ್ದು ಅಂತ ಆಕೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಈ ಸಂಭಾಷಣೆಯನ್ನು ತರಗತಿಯಲ್ಲಿ ಅಭಿನಯ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಓದಿ, ಸ್ವಲ್ಪ ಹೊತ್ತು ಬಿಡಿ, ಮುಂದೆ ಹೋಗಿ.

ಸಂಜೆ ಬಿರುಗಾಳಿ ಎದ್ದಿತು. ಇಳಿಯುತ್ತಿದ್ದ ಒಂದು ಗುಂಪು ಸೌತ್ ಕೋಲ್ ತನಕ ಬಂದೂ ಡೇರೆ ಕಾಣದೆ ದಾರಿ ತಪ್ಪಿತು. ಡೇರೆ ಕೆಲವು ನೂರು ಮೀಟರ್ ದೂರದಲ್ಲಿತ್ತು. ಇನ್ನೊಂದು ದಿಕ್ಕಿಗೆ ಸ್ವಲ್ಪ ನಡೆದರೆ ಪ್ರಪಾತ. ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ನಡುರಾತ್ರಿಗೆ ಮೋಡ ಸ್ವಲ್ಪ ಸರಿದು ನಕ್ಷತ್ರ ಕಂಡಾಗ ನಡೆಯಲು ಶಕ್ತಿ ಇದ್ದವರು ಡೇರೆಗೆ ಹೋಗಿ ಸುದ್ದಿ ಮುಟ್ಟಿಸಿದರು. ಫಿಷರ್ ತಂಡದ ಮಾರ್ಗದರ್ಶಕ ಅನತೋಲಿ ಬುಕ್ರೀವ್ ಆ ಗಾಳಿಯಲ್ಲಿ ಒಬ್ಬನೇ ಹೊರಗೆ ಹೋಗಿ, ಹುಡುಕಿ, ಮೂವರನ್ನು ಜೀವಂತ ಕರೆತಂದ. ಇಬ್ಬರು ಅಲ್ಲೇ ಉಳಿದರು. ಜಪಾನಿನ ಯಾಸುಕೋ ನಂಬಾ, ಅಮೆರಿಕದ ವೈದ್ಯ ಬೆಕ್ ವೆದರ್ಸ್.

ಮರುದಿನ ಬೆಳಗ್ಗೆ ಅವರನ್ನು ಹುಡುಕಿ ಹೋದವರಲ್ಲಿ ಮುಂದೆ ಇದ್ದದ್ದು ಯಾರು ಗೊತ್ತಾ? ಹಿಂದಿನ ದಿನ ಲೆಕ್ಕ ಹಾಕಿ ವಾಪಸ್ ಬಂದ ಹಚಿಸನ್. ಅವನೂ ಡಾಕ್ಟರ್. ಇಬ್ಬರಿಗೂ ಉಸಿರಿತ್ತು, ಆದರೆ ಸಾಯುವ ಹಂತದಲ್ಲಿದ್ದರು. ಕ್ಯಾಂಪಿನಲ್ಲಿದ್ದವರೆಲ್ಲ ನಿತ್ರಾಣ. ಇವರನ್ನು ಹೊತ್ತು ಇಳಿಸಲು ಹೋದರೆ ಇನ್ನಷ್ಟು ಜನ ಸಾಯುತ್ತಾರೆ. ಜೊತೆಗಿದ್ದ ಶೆರ್ಪಾ (ಹತ್ತುವವರಿಗೆ ನೆರವಾಗುವ ಅಲ್ಲಿನ ಬೆಟ್ಟದ ಜನ) ಜೊತೆ ಮಾತಾಡಿ, ಇಬ್ಬರನ್ನೂ ಅಲ್ಲೇ ಬಿಟ್ಟು ಬಂದರು. ನಂಬಾ ತೀರಿಕೊಂಡಳು. ಅವಳಿಗೆ 47 ವರ್ಷ, ಹಿಂದಿನ ದಿನವಷ್ಟೇ ತುದಿ ಮುಟ್ಟಿದ್ದಳು. ವೆದರ್ಸ್ ಆ ದಿನ ಮಧ್ಯಾಹ್ನದ ಮೇಲೆ ತಾನಾಗಿಯೇ ಎದ್ದು, ಅರೆಗಣ್ಣಿನಲ್ಲಿ, ಮರಗಟ್ಟಿದ ಬರಿಗೈ ಮುಂದೆ ಚಾಚಿಕೊಂಡು ಡೇರೆಗಳ ಕಡೆಗೆ ನಡೆದು ಬಂದ. ಕೊನೆಗೆ ನೇಪಾಳ ಸೇನೆಯ ಮದನ್ ಖತ್ರಿ ಛೇತ್ರಿ ಎಂಬ ಅಧಿಕಾರಿ 6000 ಮೀಟರ್‌ಗೂ ಮೇಲೆ, ಹೆಲಿಕಾಪ್ಟರ್ ಹಾರಲು ತಿಣುಕುವ ಎತ್ತರಕ್ಕೆ ಹೋಗಿ, ಒಂದು ಸಲಕ್ಕೆ ಒಬ್ಬರಂತೆ, ತೈವಾನಿನ ತಂಡದ ನಾಯಕನನ್ನೂ ವೆದರ್ಸ್‌ನನ್ನೂ ಇಳಿಸಿದ. ವೆದರ್ಸ್ ಬಲಗೈ, ಎಡಗೈ ಬೆರಳು, ಮೂಗು ಕಳೆದುಕೊಂಡ. ಬದುಕಿದ.

ಬಿಟ್ಟು ಬಂದವನು ಎದ್ದು ಬಂದ ಅಂದಮೇಲೆ ಹಚಿಸನ್ ಮಾಡಿದ್ದು ತಪ್ಪಾ? ಇಲ್ಲಿ ತರಗತಿ ಎರಡು ಭಾಗವಾಗುತ್ತದೆ, ಗಲಾಟೆಯೂ ಆಗುತ್ತದೆ, ಆಗಲಿ. ಆಗ ಬೋರ್ಡಿನ ಮೇಲಿನ ಎರಡನೇ ಪ್ರಶ್ನೆಗೆ ಕೈ ತೋರಿಸಿ. ಬೆಳಗ್ಗೆ ಅವನಿಗೆ ಏನು ಗೊತ್ತಿತ್ತು? ಮಧ್ಯಾಹ್ನದ ಸಂಗತಿ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಆ ಒಂದು ವ್ಯತ್ಯಾಸವನ್ನು ಹದಿನೈದು ವರ್ಷದ ಮಕ್ಕಳು ಹಿಡಿದುಕೊಂಡರೆ ಇತಿಹಾಸದ ಪುಸ್ತಕವನ್ನೂ ಬೇರೆ ಥರ ಓದುತ್ತಾರೆ.

ಮೂರನೆಯದು ಸಾಕ್ಷಿ. ಇಂಗ್ಲಿಷ್ ಪಾಠ ಮಾಡುವ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಆ ಪತ್ರಕರ್ತ ಜಾನ್ ಕ್ರಾಕೌರ್ ಬರೆದ ಕಥನದಿಂದಲೇ ಜಗತ್ತಿಗೆ ಈ ದುರಂತ ಇಷ್ಟು ವಿವರವಾಗಿ ತಿಳಿದದ್ದು. ಕಣ್ಣಾರೆ ಕಂಡವನು, ಬರೆಯುವುದೇ ಕಸುಬಾದವನು. ಆ ಸಂಜೆ ಬಿರುಗಾಳಿಯಲ್ಲಿ, ಕ್ಯಾಂಪಿಗೆ ಸ್ವಲ್ಪ ಮೇಲೆ, ಆ್ಯಂಡಿ ಹ್ಯಾರಿಸ್ ಜೊತೆ ಮಾತಾಡಿದೆ, ಅವನು ಡೇರೆಗಳ ಕಡೆಗೆ ಇಳಿದು ಹೋಗಿದ್ದನ್ನು ಕಂಡೆ ಅಂತ ಅವನು ಹೇಳಿದ. ಕ್ಯಾಂಪಿನ ಹತ್ತಿರ ಬಂದೂ ಹ್ಯಾರಿಸ್ ಅಂಚಿನಿಂದ ಬಿದ್ದಿರಬೇಕು ಅಂತ ಎಲ್ಲರೂ ನಂಬಿದರು. ಹ್ಯಾರಿಸ್ ಮನೆಯವರಿಗೂ ಅದೇ ಸುದ್ದಿ ಹೋಯಿತು. ವಾರಗಳ ನಂತರ ಗೊತ್ತಾಯಿತು, ಕ್ರಾಕೌರ್ ಮಾತಾಡಿಸಿದ್ದು ಹ್ಯಾರಿಸ್‌ನನ್ನಲ್ಲ, ಇನ್ನೊಂದು ತಂಡದ ಮಾರ್ಟಿನ್ ಆಡಮ್ಸ್‌ನನ್ನು. ಮುಖವಾಡ, ಹಿಮ, ಕತ್ತಲೆ, ಆಮ್ಲಜನಕವಿಲ್ಲದ ತಲೆ. ಹ್ಯಾರಿಸ್ ಆ ಹೊತ್ತಿಗೆ ಎಷ್ಟೋ ಮೇಲೆ ರಾಬ್ ಹಾಲ್‌ಗೆ ನೆರವಾಗಲು ಹೋಗಿದ್ದ. ಅವನ ಹಿಮಗೊಡಲಿ ದಕ್ಷಿಣ ಶಿಖರದ ಬಳಿ ಸಿಕ್ಕಿತು. ಮೈ ಸಿಗಲಿಲ್ಲ. ಕ್ರಾಕೌರ್ ತನ್ನ ತಪ್ಪನ್ನು ತಾನೇ ಬರೆದು ಒಪ್ಪಿಕೊಂಡ.

ಇದನ್ನು ಹೇಳಿದಾಗ, ಹಾಗಾದ್ರೆ ಅವನು ಬರೆದಿದ್ದೆಲ್ಲ ಸುಳ್ಳಾ ಅಂತ ಮಕ್ಕಳು ಕೇಳುತ್ತಾರೆ. ಅಲ್ಲ. ನಿಜವನ್ನೇ ಹೇಳಬೇಕು ಅಂತ ಹೊರಟ ಒಳ್ಳೆಯ ಸಾಕ್ಷಿಗೂ ತಪ್ಪು ಆಗಬಹುದು, ಆದ್ದರಿಂದ ಇನ್ನೊಂದು ಸಾಕ್ಷಿ ಬೇಕು, ಸಿಕ್ಕ ವಸ್ತು ಬೇಕು, ರೇಡಿಯೋದಲ್ಲಿ ಯಾವ ಹೊತ್ತಿಗೆ ಏನು ಹೇಳಿದರು ಅನ್ನೋದು ಬೇಕು. ಬುಕ್ರೀವ್ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಾರ್ಗದರ್ಶಕನಾಗಿ ಅವನು ಸಿಲಿಂಡರ್ ಬಳಸದೆ ಹತ್ತಿದ, ಗ್ರಾಹಕರಿಗಿಂತ ಮೊದಲೇ ಇಳಿದುಬಿಟ್ಟ ಅಂತ ಕ್ರಾಕೌರ್ ಆಕ್ಷೇಪಿಸಿದ. ಬೇಗ ಇಳಿಯಲು ಫಿಷರ್ ಒಪ್ಪಿದ್ದ, ಕೆಳಗೆ ತಯಾರಾಗಿ ಇದ್ದದ್ದರಿಂದಲೇ ರಾತ್ರಿ ಮೂವರನ್ನು ಉಳಿಸಲು ಆಯಿತು ಅಂತ ಬುಕ್ರೀವ್ ಹೇಳಿದ. 1997ರಲ್ಲಿ ಇಬ್ಬರ ಪುಸ್ತಕಗಳೂ ಬಂದವು. ಅದೇ ವರ್ಷ ಅಮೆರಿಕದ ಆಲ್ಪೈನ್ ಕ್ಲಬ್ ಬುಕ್ರೀವ್‌ಗೆ ಆ ರಾತ್ರಿಯ ಸಾಹಸಕ್ಕಾಗಿ ಪ್ರಶಸ್ತಿ ಕೊಟ್ಟಿತು. ಡಿಸೆಂಬರ್ 25ರಂದು ಅನ್ನಪೂರ್ಣಾ ಪರ್ವತದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಅವನೂ ಹೋದ. ಇಬ್ಬರ ಮಾತನ್ನೂ ಅರ್ಧರ್ಧ ಪುಟ ಓದಿಸಿ. ಒಬ್ಬನನ್ನೇ ಓದಿಸಿದರೆ ಮಕ್ಕಳಿಗೆ ಸಿಗುವುದು ಒಬ್ಬ ಖಳನಾಯಕ, ಅಷ್ಟೇ.

ಶೆರ್ಪಾಗಳ ಮಾತು ಮಾತ್ರ ಈ ಎರಡರಲ್ಲೂ ಕಡಿಮೆ. ಹಗ್ಗ ಕಟ್ಟುವವರು, ಸಿಲಿಂಡರ್ ಹೊರುವವರು, ಮರುದಿನ ಬಿರುಗಾಳಿಯಲ್ಲೇ ಹಾಲ್‌ನನ್ನು ಕರೆತರಲು ಮೇಲಕ್ಕೆ ಹೊರಟು ಅರ್ಧದಲ್ಲಿ ವಾಪಸಾಗಬೇಕಾಗಿ ಬಂದವರು, ಎಲ್ಲ ಅವರೇ. ಕಬ್ಬು ಕಡಿಯುವವರ ಮನೆಯಿಂದ, ಗದ್ದೆ ಕೆಲಸದವರ ಮನೆಯಿಂದ ಬರುವ ಮಕ್ಕಳು ನನ್ನ ತರಗತಿಯಲ್ಲಿ ಇದ್ದಾರೆ. “ಹೊತ್ಕೊಂಡೋದೋರು ಏನಂದ್ರು ಮಿಸ್?” ಅನ್ನುವ ಪ್ರಶ್ನೆ ಅವರಿಂದಲೇ ಬರುತ್ತದೆ. ಒಂದು ಬರಹದಲ್ಲಿ ಯಾರ ಮಾತು ಇಲ್ಲ ಅಂತ ಗಮನಿಸುವುದನ್ನು ಇದಕ್ಕಿಂತ ಚೆನ್ನಾಗಿ ನಾನು ಕಲಿಸಲಾರೆ.

ಇನ್ನು ನಮ್ಮವರ ವಿಷಯ. ಟಿಬೆಟ್ ಕಡೆಯಿಂದ ಹತ್ತಿದ್ದು ಭಾರತ–ಟಿಬೆಟ್ ಗಡಿ ಪೊಲೀಸ್ ಪಡೆಯ ತಂಡ. ಅದೇ ಮೇ 10ರಂದು ಆರು ಜನ ಮೇಲಕ್ಕೆ ಹೊರಟರು. ಹವಾಮಾನ ಕೆಟ್ಟಾಗ ಮೂವರು ತಿರುಗಿದರು. ತ್ಸೆವಾಂಗ್ ಸಮನ್ಲಾ, ತ್ಸೆವಾಂಗ್ ಪಲ್ಜೋರ್, ದೋರ್ಜೆ ಮೊರುಪ್ ಮುಂದೆ ಹೋದರು. ತುದಿ ಮುಟ್ಟಿದೆವು ಅಂತ ರೇಡಿಯೋದಲ್ಲಿ ಹೇಳಿದರು. ಅವರು ನಿಂತದ್ದು ತುದಿಯೇ, ಸ್ವಲ್ಪ ಕೆಳಗಾ ಅನ್ನುವ ಬಗ್ಗೆ ಇಂದಿಗೂ ಒಮ್ಮತ ಇಲ್ಲ. ಮೂವರೂ ವಾಪಸ್ ಬರಲಿಲ್ಲ. ಹೊರಗಿನ ದೇಶದವರು ಬರೆದ ಕಥನಗಳಲ್ಲಿ ಇವರಿಗೆ ಸಿಗುವುದು ಕೆಲವೇ ಸಾಲು, ಹಾಗಾಗಿ ನಾವು ಹೇಳದೆ ಹೋದರೆ ನಮ್ಮ ಮಕ್ಕಳಿಗೆ ಇವರ ಹೆಸರೂ ಗೊತ್ತಾಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಪಾಠ ಮುಗಿದ ಸಂಜೆಯೇ ಮಕ್ಕಳು ಮನೆಯಲ್ಲಿ ಮೊಬೈಲ್ ಹಿಡಿದು ಎವರೆಸ್ಟ್ ಅಂತ ಹುಡುಕುತ್ತಾರೆ. ಹಸಿರು ಬೂಟಿನ ಒಂದು ಹೆಣದ ಚಿತ್ರ ಸಿಕ್ಕೇ ಸಿಗುತ್ತದೆ. ಟಿಬೆಟ್ ಕಡೆಯ ದಾರಿಯಲ್ಲಿ ಒಂದು ಬಂಡೆಯ ಅಡಿ ವರ್ಷಗಟ್ಟಲೆ ಇದ್ದ ಆ ದೇಹವನ್ನು ಹತ್ತುವವರು ದಾರಿ ಗುರುತಾಗಿ ಬಳಸುತ್ತಿದ್ದರು. ಅದು ಪಲ್ಜೋರ್ ಅಂತ ಬಹಳ ಜನ ನಂಬುತ್ತಾರೆ, ಮೊರುಪ್ ಇರಬಹುದು ಅನ್ನುವವರೂ ಇದ್ದಾರೆ. ಮಕ್ಕಳು ಆ ಚಿತ್ರವನ್ನು ಅಡ್ಡಹೆಸರಿನ ಸಮೇತ ಗ್ರೂಪಿನಲ್ಲಿ ಹಂಚುವ ಮೊದಲೇ ನಾವು ತರಗತಿಯಲ್ಲಿ ಹೇಳಿಬಿಡಬೇಕು: ಅದು ಲಡಾಖಿನ ಒಬ್ಬ ಮನುಷ್ಯನ ದೇಹ, ಅವನಿಗೆ ಹೆಸರಿತ್ತು, ಕೆಲಸವಿತ್ತು, ಕಾಯುತ್ತಿದ್ದ ಮನೆಯಿತ್ತು. ನೋಡಬೇಡಿ ಅಂದರೆ ನೋಡುತ್ತಾರೆ. ಯಾರದು ಅಂತ ಹೇಳಿದರೆ, ಹಂಚುವ ಮುಂಚೆ ಒಂದು ಸಲ ಯೋಚಿಸುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ನಾಲೆಯಲ್ಲೋ ಹೊಳೆಯಲ್ಲೋ ತಮ್ಮವರನ್ನು ಕಳೆದುಕೊಂಡ ಮಗು ಯಾವ ತರಗತಿಯಲ್ಲಾದರೂ ಇರಬಹುದು. ಅದಕ್ಕೇ ಪಾಠಕ್ಕೆ ಹಿಂದಿನ ದಿನವೇ ಹೇಳಿ, ನಾಳೆ ಸಾವಿನ ಕಥೆ ಇದೆ, ಯಾರಿಗಾದರೂ ಕೇಳಲು ಕಷ್ಟ ಅನ್ನಿಸಿದರೆ ನನಗೆ ಬಂದು ಹೇಳಿ, ಲೈಬ್ರರಿಗೆ ಕಳಿಸುತ್ತೇನೆ ಅಂತ. ‘ಅವರೇ ಹುಡುಕಿಕೊಂಡು ಹೋಗಿದ್ದು’ ಅನ್ನುವ ಮಾತು ತರಗತಿಯಲ್ಲಿ ಬಂದರೆ ಅಲ್ಲೇ ತಡೆಯಿರಿ. ಹೊಳೆಯಲ್ಲಿ ಅಣ್ಣನನ್ನು ಕಳೆದುಕೊಂಡ ಹುಡುಗಿಗೆ ಊರವರು ಅದೇ ಮಾತು ಹೇಳಿರುತ್ತಾರೆ.

ಕೊನೆಗೆ ಬರೆಸುವ ಕೆಲಸ. ‘ಈ ದುರಂತದಿಂದ ಕಲಿತ ಪಾಠಗಳು’ ಅಂತ ಪ್ರಬಂಧ ಕೊಡಬೇಡಿ, ಇಡೀ ತರಗತಿ ಒಂದೇ ಪುಟ ಬರೆದುಕೊಂಡು ಬರುತ್ತದೆ. ನಾನು ಕೊಡುವುದು ಹೀಗೆ: ಗೆರೆಯ ಮೇಲಿನ ಒಂದು ಸಮಯ ಆರಿಸಿಕೊಳ್ಳಿ, ಅಲ್ಲಿದ್ದ ಒಬ್ಬರನ್ನು ಆರಿಸಿಕೊಳ್ಳಿ, ಅವರಿಗೆ ಆಗ ಗೊತ್ತಿದ್ದದ್ದು ಏನು, ಗೊತ್ತಿಲ್ಲದ್ದು ಏನು, ಮುಂದೆ ಏನು ಮಾಡಬಹುದಿತ್ತು ಅಂತ ಒಂದೂವರೆ ಪುಟ. ಕಥನದಲ್ಲಿ ಇರುವುದನ್ನಷ್ಟೇ ಬಳಸಬೇಕು, ಊಹೆ ಮಾಡಿದರೆ ಊಹೆ ಅಂತ ಬರೆಯಬೇಕು. ಅಂಕ ಕೊಡುವಾಗ ನಾನು ಮೊದಲು ನೋಡುವುದು ಆ ಊಹೆಯ ಸಾಲುಗಳನ್ನೇ. ಬಹಳ ಮಕ್ಕಳು ‘ನಾನಾಗಿದ್ದರೆ ಎರಡು ಗಂಟೆಗೆ ವಾಪಸ್ ಬಂದುಬಿಡುತ್ತಿದ್ದೆ’ ಅಂತ ಬರೆಯುತ್ತಾರೆ. ಅದಕ್ಕೆ ಅಂಕ ಕತ್ತರಿಸುವುದಿಲ್ಲ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಕೇಳುತ್ತೇನೆ: ಡಗ್ ಹ್ಯಾನ್ಸೆನ್‌ಗೆ ಆ ಮಾತನ್ನು ನೀನು ಹೇಗೆ ಹೇಳುತ್ತಿದ್ದೆ? ಪುಸ್ತಕ ವಾಪಸ್ ಕೊಟ್ಟ ಮೇಲೆ ಅದಕ್ಕೂ ಉತ್ತರ ಬರೆದುಕೊಂಡು ಬರಬೇಕು.